ತಾತನ ಹೋಲಿಕೆ

ಮೇಲೂರಿನ ನಮ್ಮ ಅತ್ತೆ ಮನೆಯಲ್ಲಿ ಒಳ್ಳೆಯದೆಲ್ಲ ರಕ್ತದಲ್ಲೇ ಬರುತ್ತದೆ. ನೆಟ್ಟಗಿನ ಮೂಗು, ದುಂಡು ಅಕ್ಷರ, ರೇಷ್ಮೆಹುಳು ಸಾಕುವ ಕೈಗುಣ, ಎಲ್ಲ ತೀರಿಹೋದ ಮಾವನವರದು. ನನ್ನ ಮಗನಂತೂ ತಾತನ ಪಡಿಯಚ್ಚು. ಅವನ ಹುಳುಕು ಹಲ್ಲು ಮಾತ್ರ ನನ್ನ ತವರಿನ ಕಾಣಿಕೆ. ಮೈದುನನ ಕುಡಿತ ಯಾರ ಕಡೆಯದು ಅಂದರೆ, ಅದು ಸಹವಾಸದೋಷ.

ಹೋದ ವರ್ಷ ಮೈದುನ ಶಬರಿಮಲೆಗೆಂದು ಮಾಲೆ ಹಾಕಿಕೊಂಡ. ದಿನವೂ ಕುಡಿಯುತ್ತಿದ್ದವನು ಒಂದೇ ಸಲಕ್ಕೆ ಬಿಟ್ಟ. ಎರಡನೇ ದಿನಕ್ಕೇ ಕಾಫಿ ಲೋಟ ಕೈಯಲ್ಲಿ ನಿಲ್ಲದಾಯಿತು, ಮೈಯೆಲ್ಲ ಬೆವರು. ಅತ್ತೆ ಕರ್ಪೂರ ಹಚ್ಚಿದರು. "ಸ್ವಾಮಿ ಮೈಮೇಲೆ ಬರ್ತಿದ್ದಾನೆ. ಕಾನ್ವೆಂಟಲ್ಲಿ ಓದಿದೋರಿಗೆ ಇವೆಲ್ಲ ಎಲ್ಲಿ ತಿಳೀಬೇಕು?" ನಿಜ, ಸಿಸ್ಟರುಗಳು ನಮಗೆ ಕಸೂತಿಯಷ್ಟೇ ಕಲಿಸಿದ್ದು.

ಮಾರನೆಯ ದಿನ ಅವನು ಹಾಸಿಗೆಯಲ್ಲಿ ಕೂತು ಹೊದಿಕೆಯ ಮೇಲಿಂದ ಏನನ್ನೋ ಎರಡು ಬೆರಳಲ್ಲಿ ನಾಜೂಕಾಗಿ ಎತ್ತಿ ಪಕ್ಕಕ್ಕೆ ಬಿಡತೊಡಗಿದ. "ಅತ್ತಿಗೆ, ಹುಳು ಹಣ್ಣಾಗೈತೆ, ಚಂದ್ರಿಕೆ ತಗೊಂಬನ್ನಿ." ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಆ ಬಿದಿರು ಚಂದ್ರಿಕೆಗಳು ತೊಳೆದು ಒಣಗಿ ಗೋಡೆಗೆ ಒರಗಿದ್ದವು. ಹುಳುಮನೆಯಲ್ಲಿ ಒಂದು ಹುಳುವೂ ಇರಲಿಲ್ಲ.

"ನೋಡು, ಜ್ವರದಲ್ಲೂ ಎಷ್ಟು ಜವಾಬ್ದಾರಿ," ಅಂದರು ಅತ್ತೆ. ದನಿ ಮಾತ್ರ ಯಾಕೋ ಸಣ್ಣದಾಗಿತ್ತು.

ನಾನೂ ನನ್ನ ಗಂಡನೂ ಅವನನ್ನು ಆಟೋದಲ್ಲಿ ಶಿಡ್ಲಘಟ್ಟದ ಆಸ್ಪತ್ರೆಗೆ ಸಾಗಿಸಿದೆವು. ಅತ್ತೆಯೂ ಹತ್ತಿದರು. ಡಾಕ್ಟರಮ್ಮ ಹೇಳಿದರು: "ಕುಡಿತ ಥಟ್ಟನೆ ಬಿಟ್ಟರೆ ಕೆಲವರಿಗೆ ಹೀಗಾಗುತ್ತೆ. ಫಿಟ್ಸ್ ಬಂದರೆ ಜೀವಕ್ಕೇ ಅಪಾಯ. ಕೆಲವು ಮನೆತನಗಳಲ್ಲಿ ಇದು ಜಾಸ್ತಿ. ಇವರ ತಂದೆಗೂ ಹೀಗಾಗಿತ್ತಾ?"

ನನ್ನ ಗಂಡ ಗೋಡೆಯ ಪೋಲಿಯೊ ಪೋಸ್ಟರನ್ನು ಪರೀಕ್ಷೆಗೆ ಓದುವವರಂತೆ ಓದುತ್ತಿದ್ದರು.

"ನಮ್ಮ ಮನೆತನದಲ್ಲಿ ಅಂಥದ್ದೇನಿಲ್ಲಮ್ಮ, ಅವರು ದೇವರಂಥೋರು," ಅಂದರು ಅತ್ತೆ. ಆಮೇಲೆ ಮಂಚದ ಕಡೆ ತಿರುಗಿದರು. ಮಗನ ಬೆರಳುಗಳು ಇನ್ನೂ ಹುಳು ಆರಿಸುತ್ತಿದ್ದವು. ಅತ್ತೆ ಸೆರಗಿನ ತುದಿಯನ್ನು ಮುದ್ದೆ ಮಾಡಿ ಹಿಡಿದರು.

"ಅವರೂ ಹಿಂಗೇ ಆರಿಸ್ತಿದ್ರು. ಮಾಲೆ ಹಾಕಿದ್ದಾಗಲೇ. ಆಮೇಲೆ ಫಿಟ್ಸ್ ಬಂತು. ಸ್ವಾಮಿ ಕರ್ಕೊಂಡ ಅಂದ್ಕೊಂಡ್ವಿ."

ಡಾಕ್ಟರಮ್ಮ ಇಂಜೆಕ್ಷನ್ ಕೊಡಿಸಿ, ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆಗೆ ಕಳಿಸಿದರು. ಮೈದುನ ಉಳಿದ.

ಅಲ್ಲಿಗೆ ನನ್ನ ಮಗ ಊಟದ ಕ್ಯಾರಿಯರ್ ತಂದಾಗ ಅತ್ತೆ ಅವನ ಮುಖವನ್ನೇ ನೋಡುತ್ತ ಕೂತರು. ನಾನು 'ಪಡಿಯಚ್ಚು' ಕೇಳಲು ಸಿದ್ಧಳಾದೆ.

"ಮೂಗೊಂದು ಬಿಟ್ರೆ, ಇವನು ಪೂರ್ತಿ ನಿಮ್ಮ ಕಡೆ ಕಣಮ್ಮ," ಅಂದರು.

ಮದುವೆಯಾದಾಗಿನಿಂದ ನನ್ನ ತವರಿಗೆ ಸಿಕ್ಕ ಮೊದಲ ಮರ್ಯಾದೆ. ಬೇಡ ಅನ್ನಲು ಮನಸ್ಸಾಗಲಿಲ್ಲ.