ಒಂದು ಹಾಸು ನೇಯ್ದು ನೋಡಿದ ಮನೆ

ಈಗಿನವರು ಮನೆ ಕೊಳ್ಳುವ ಮೊದಲು ಗೋಡೆ ತಟ್ಟಿ ನೋಡುತ್ತಾರೆ, ಬಾವಿಯ ನೀರು ಕುಡಿದು ನೋಡುತ್ತಾರೆ, ಬಾಗಿಲು ಯಾವ ದಿಕ್ಕಿಗಿದೆ ಎಂದು ನಾಲ್ಕು ಜನರನ್ನು ಕೇಳುತ್ತಾರೆ. ನಾನು ಚಿಕ್ಕವಳಿದ್ದ ಕಾಲಕ್ಕೆ ಮೊಳಕಾಲ್ಮೂರಿನ ನಮ್ಮ ಬೀದಿಯ ಮಗ್ಗದವರಿಗೆ ಇದ್ಯಾವುದೂ ಸಾಲುತ್ತಿರಲಿಲ್ಲ. ಅವರು ಆ ಮನೆಯಲ್ಲಿ ಒಂದು ಹಾಸು ನೇಯ್ದು ನೋಡುತ್ತಿದ್ದರು. ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ರೇಷ್ಮೆಯ ಎಳೆಗಳು. ಒಂದು ಹಾಸಿನಲ್ಲಿ ಎರಡು ಮೂರು ಸೀರೆ ಇಳಿಯುತ್ತಿದ್ದವು. ಅದನ್ನೂ ಬೇಸಿಗೆಯಲ್ಲೇ ನೇಯಬೇಕು. ನಮ್ಮೂರಿನ ಬಂಡೆಗಳು ಕಾದು ಬಿಡುವ ಒಣಗಾಳಿಗೆ ರೇಷ್ಮೆ ಪಟಪಟನೆ ಹರಿಯುತ್ತದೆ. ಅಂಥ ಕಾಲದಲ್ಲಿ ಎಳೆ ತಡೆದುಕೊಂಡರೆ ಮನೆ ಒಳ್ಳೆಯದು. ಮತ್ತೆ ಮತ್ತೆ ಹರಿದರೆ ಮನೆಯ ಯಜಮಾನನಿಗೆ ಕೈಮುಗಿದು ಮಗ್ಗ ಬಿಚ್ಚಿಕೊಂಡು ಬರುವುದು.

ಇದಕ್ಕೊಂದು ಕಟ್ಟಳೆ ಇತ್ತು. ಮಗ್ಗದ ಮೇಲೆ ಹಾಸು ಇರುವಷ್ಟು ದಿನ ಆ ಮನೆಯನ್ನು ಯಾರೂ ಬೈಯುವಂತಿಲ್ಲ, ಹೊಗಳುವಂತೆಯೂ ಇಲ್ಲ. ಬೈದರೆ ಮನೆ ಮುನಿಸಿಕೊಳ್ಳುತ್ತದೆ, ಹೊಗಳಿದರೆ ದೃಷ್ಟಿ ತಾಕುತ್ತದೆ, ಎರಡಕ್ಕೂ ಎಳೆ ಹರಿಯುತ್ತದೆ. ಯಾರಾದರೂ "ಮನೆ ಹೆಂಗೈತೆ?" ಎಂದು ಕೇಳಿದರೆ "ಐತೆ" ಅನ್ನಬೇಕು, ಅಷ್ಟೇ. ಹಾಸು ಮುಗಿದು ಕೊನೆಯ ಸೀರೆ ಕತ್ತರಿಸಿದ ಮೇಲೆ ಮೊದಲ ಮಾತು ಆ ಮನೆಯಲ್ಲಿ ಒಲೆ ಹಚ್ಚಿದ ಹೆಣ್ಣಿನದು. ಅವಳು ಒಲ್ಲೆ ಅಂದರೆ ಒಂದೂ ಎಳೆ ಹರಿಯದಿದ್ದರೂ ವ್ಯಾಪಾರ ಮುರಿದಂತೆಯೇ. ವರ್ಷವಿಡೀ ಹೆಂಗಸರ ಮಾತಿಗೆ ಕಿವಿಗೊಡದ ನಮ್ಮ ಬೀದಿಯ ಗಂಡಸರು ಆ ಒಂದು ದಿನ ಕೇಳಿ ಪುಣ್ಯ ಕಟ್ಟಿಕೊಳ್ಳುತ್ತಿದ್ದರೇನೋ.

ಅಪ್ಪ ಮನೆ ನೋಡಿದ ವರ್ಷ ನಮ್ಮ ಪಾಲಿಗೆ ಒಲೆ ಹಚ್ಚುವ ಹೆಣ್ಣು ಎಂದರೆ ನಾನೇ. ನನಗಾಗ ಒಂಬತ್ತೋ ಹತ್ತೋ. ಅವ್ವ ಅದರ ಹಿಂದಿನ ವರ್ಷದ ಪ್ಲೇಗಿನಲ್ಲಿ ಹೋಗಿದ್ದಳು.

ಅಲ್ಲಿಯವರೆಗೆ ನಾವು ಅಪ್ಪನ ಅಣ್ಣನ ಜೊತೆ ಒಂದೇ ಮಾಳಿಗೆ ಮನೆಯಲ್ಲಿದ್ದೆವು. ಮಳೆ ಬಂದರೆ ಸೋರುವ ಮಾಳಿಗೆ. ಕಂಬಗಳ ನಡುವೆ ತುರುಕಿದ ಎರಡು ಮಗ್ಗ. ಅಪ್ಪ ಲಾಳಿ ಎಸೆಯುವಾಗ ಮೊಣಕೈ ಕಂಬಕ್ಕೆ ಬಡಿಯುತ್ತಿತ್ತು. ಮಧ್ಯಾಹ್ನ ಒಲೆಯ ಮೇಲೆ ಹುಣಸೆ ಚಿಗುರಿನ ಸಾರು ಕುದಿಯುತ್ತಿದ್ದರೆ ಅದೇ ವಾಸನೆ ನೇಯುತ್ತಿರುವ ಸೀರೆಗೂ ಹತ್ತುತ್ತಿತ್ತು. ದೊಡ್ಡವ್ವ ರಾಯದುರ್ಗದ ಕಡೆಯವಳು, ಪ್ರೀತಿ ಬಂದರೆ ತೆಲುಗು ಬರುತ್ತಿತ್ತು. "ರಾ ತಲ್ಲೀ, ಉಣ್ಣು ಬಾ" ಎಂದು ನನ್ನನ್ನೂ ಅವಳ ಮಗಳು ಗಂಗಿಯನ್ನೂ ಒಂದೇ ತಟ್ಟೆಗೆ ಕೂರಿಸುತ್ತಿದ್ದಳು. ರಾತ್ರಿ ನಾವಿಬ್ಬರೂ ಒಂದೇ ಕಂಬಳಿಯಲ್ಲಿ ಮಲಗಿ ಯಾರ ಕಡೆಗೆ ಹೆಚ್ಚು ಬಂತು ಎಂದು ಕಿತ್ತಾಡುತ್ತಿದ್ದೆವು. ಅವ್ವ ಇಲ್ಲದ್ದು ಆ ಗದ್ದಲದಲ್ಲಿ ಹೇಗೋ ಮರೆತುಹೋಗುತ್ತಿತ್ತು.

ಆ ಮಾಘದಲ್ಲಿ ಗಂಗಿಯ ಅಣ್ಣನಿಗೆ ಮದುವೆಯಾಯಿತು. ಹೊಸ ಸೊಸೆ ಬಂದ ಮೇಲೆ ಅಪ್ಪ ಚಾಪೆ ಎತ್ತಿಕೊಂಡು ಬೀದಿಯಲ್ಲಿ ಮಲಗತೊಡಗಿದ. ಹೋಗು ಎಂದು ಯಾರೂ ಹೇಳಲಿಲ್ಲ. ದೊಡ್ಡಪ್ಪ ಅಂಥವನೂ ಅಲ್ಲ. ಆದರೆ ಅಪ್ಪ ಮನೆ ಹುಡುಕಲು ಶುರು ಮಾಡಿದ.

ಸಿಕ್ಕಿದ್ದು ಇಮಾಮ್ ಸಾಬರ ಮನೆ. ರಾಂಪುರದ ದಾರಿಯಲ್ಲಿ, ಊರಿನ ಕೊನೆಯ ಮನೆ ಮುಗಿದು ಒಂದು ದೊಡ್ಡ ಬಂಡೆ ದಾಟಿದ ಮೇಲೆ ಇತ್ತು. ಸಾಬರು ಹತ್ತಿ ವ್ಯಾಪಾರದವರು. ಹತ್ತಿ ತುಂಬಲೆಂದೇ ಕಟ್ಟಿಸಿದ್ದು, ಆಮೇಲೆ ವ್ಯಾಪಾರವನ್ನು ಬಳ್ಳಾರಿ ಕಡೆಗೆ ಒಯ್ದಿದ್ದರು. ಉದ್ದನೆಯ ಒಂದೇ ಅಂಕಣ, ನಡುವೆ ಒಂದು ಕಂಬವೂ ಇಲ್ಲ. ಒಂದು ಮೊಳ ದಪ್ಪದ ಕಲ್ಲುಗೋಡೆ. ಸೂರಿನ ಕೆಳಗೆ ಗುಬ್ಬಿ ನುಗ್ಗುವಷ್ಟು ಗವಾಕ್ಷಿಗಳು. ಹಿಂದೆ ಬಾವಿ. ಜಗಲಿ ಇಲ್ಲ, ಬೀದಿ ಕಡೆಗೆ ಕಿಟಕಿ ಇಲ್ಲ, ಬಾಗಿಲ ಮೇಲೆ ಒಂದು ಹೂವಿನ ಕೆತ್ತನೆಯೂ ಇಲ್ಲ. ಹತ್ತಿಮೂಟೆಗೆ ಇವೆಲ್ಲ ಯಾಕೆ ಬೇಕು?

"ಮನೆ ಅಲ್ಲ ಈರಣ್ಣ, ಕಿಲ್ಲಾ ಐತೆ ಕಿಲ್ಲಾ," ಅಂದರು ಸಾಬರು ಗೋಡೆ ಗುದ್ದಿ. "ನಾಲ್ಕು ಮಗ್ಗ ಹಾಕು, ಇನ್ನೂ ಜಾಗ ಮಿಗ್ತೈತೆ. ಮಳೆ ಒಂದು ಹನಿ ಒಳಗೆ ಬಂದ್ರೆ ನನ್ನ ಹೆಸರು ಕರೀಬ್ಯಾಡ."

ಅಪ್ಪ ನೆಲವನ್ನು ಕೈಯಿಂದ ಒತ್ತಿ ನೋಡಿದ. ಕಾಲು ಇಳಿಬಿಟ್ಟು ನೇಯಲು ತೋಡುವ ಮಗ್ಗದ ಗುಂಡಿಗೆ ಬೇಕಾದ ತಂಪು ಮಣ್ಣು. "ಒಂದು ಹಾಸು ಹಾಕಿ ನೋಡ್ತೀನಿ ಸಾಬರೆ," ಅಂದ.

"ನೋಡಪ್ಪ. ಮಳೆಗಾಲದವರೆಗೂ ನೋಡು. ಕೀಲಿ ಇಟ್ಕೋ."

ಯುಗಾದಿಯ ಮಾರನೆಯ ದಿನ ಆ ಮನೆಗೆ ಬಿಡಾರ ಬದಲಿಸಿ ಹಾಸು ಹೂಡಿದೆವು. ನಾನು ಹೋಗಲೇಬೇಕಿತ್ತು. ನಮ್ಮ ಸೀರೆಯ ಒಡಲೊಂದು ಬಣ್ಣ, ಎರಡು ಅಂಚು ಬೇರೆ ಬಣ್ಣ, ಲಾಳಿ ಮೂರು. ಒಡಲಿನದೂ ಒಂದು ಅಂಚಿನದೂ ನೇಯುವವನ ಕೈಯಲ್ಲಿ, ಇನ್ನೊಂದು ಅಂಚಿನ ಲಾಳಿ ಪಕ್ಕದಲ್ಲಿ ಕೂತವರ ಕೈಯಲ್ಲಿ. ಅವ್ವ ಹೋದ ಮೇಲೆ ಆ ಲಾಳಿ ನನ್ನದಾಗಿತ್ತು. ಅಪ್ಪ ತನ್ನದನ್ನು ಎಸೆದು "ಹೂಂ" ಅನ್ನುತ್ತಿದ್ದ, ನಾನು ನನ್ನದನ್ನು ತೂರುತ್ತಿದ್ದೆ. ಹಳೆಯ ಮನೆಯಲ್ಲಿ ಈ ಹೂಂಕಾರದ ನಡುವೆ ದೊಡ್ಡವ್ವನ ಬೈಗುಳ, ಗಂಗಿಯ ಹಾಡು, ಆಚೆ ಮಗ್ಗದ ದೊಡ್ಡಪ್ಪನ ಕೆಮ್ಮು ಎಲ್ಲ ಇರುತ್ತಿತ್ತು. ಇಲ್ಲಿ ಬರೀ "ಹೂಂ". ಬೆಳಗಿನಿಂದ ಸಂಜೆಯ ತನಕ ನಾವಿಬ್ಬರೂ ಆಡಿದ ಮಾತನ್ನು ಒಟ್ಟು ಮಾಡಿದರೆ ಅದೊಂದೇ ಅಕ್ಷರ.

ಆ ಮನೆಯ ಗೋಡೆಗೆ ಹತ್ತಿಕಾಳಿನ ಕಮಟು ವಾಸನೆ ಅಂಟಿತ್ತು. ಗುಂಡಿಯ ಸುತ್ತ ನೀರು ಚಿಮುಕಿಸಿದಾಗ ಮಣ್ಣಿನ ವಾಸನೆ ಅದನ್ನು ಸ್ವಲ್ಪ ಹೊತ್ತು ಮುಚ್ಚುತ್ತಿತ್ತು. ಹೊರಗೆ ರಾಂಪುರದ ದಾರಿಯಲ್ಲಿ ಗಾಡಿಗಳು ಹೋಗುವುದು ಕೇಳುತ್ತಿತ್ತು, ಕಾಣುತ್ತಿರಲಿಲ್ಲ. ಎತ್ತಿನ ಗೆಜ್ಜೆ ಕೇಳಿ ಯಾರ ಗಾಡಿ ಇರಬಹುದು ಎಂದು ಯೋಚಿಸುತ್ತಿದ್ದೆ. ಮಧ್ಯಾಹ್ನ ಅಪ್ಪ ತುಸು ಅಡ್ಡಾದಾಗ ಮೂಲೆಯಲ್ಲಿ ಕೂತು ಕಲ್ಲಾಟ ಆಡುತ್ತಿದ್ದೆ. ಬಲಗೈ ನಾನು, ಎಡಗೈ ಗಂಗಿ. ಎಡಗೈಗೆ ಕಲ್ಲು ಹಿಡಿಯಲು ಬಾರದು, ಹಾಗಾಗಿ ದಿನವೂ ನಾನೇ ಗೆಲ್ಲುತ್ತಿದ್ದೆ. ಗೆದ್ದು ಗೆದ್ದು ಅಳು ಬರುತ್ತಿತ್ತು.

ಅವ್ವ ಇಲ್ಲ ಎನ್ನುವುದು ನನಗೆ ನಿಜವಾಗಿ ತಿಳಿದದ್ದು ಆ ಬೇಸಿಗೆಯಲ್ಲಿ. ಸತ್ತ ದಿನ ತಿಳಿದಿರಲಿಲ್ಲ.

ಮೊದಲ ವಾರ ಗಂಗಿ ದಿನವೂ ಸಜ್ಜೆ ರೊಟ್ಟಿ, ಗುರೆಳ್ಳು ಪುಡಿ ಹೊತ್ತು ತರುತ್ತಿದ್ದಳು. ಆಮೇಲೆ ಬಿಸಿಲು ಏರಿತು, ದೊಡ್ಡವ್ವ ಅವಳನ್ನು ಕಳಿಸಲಿಲ್ಲ. ನಾನೇ ಅಂಬಲಿ ಕಾಯಿಸತೊಡಗಿದೆ. ಅಪ್ಪ ಗಂಟು ಗಂಟಾದ ಅಂಬಲಿಯನ್ನು ತಲೆಯೆತ್ತದೆ ಕುಡಿಯುತ್ತಿದ್ದ. ಒಂದು ದಿನ ಉಪ್ಪು ಹಾಕುವುದನ್ನೇ ಮರೆತಿದ್ದೆ. ಆಗಲೂ ಏನೂ ಅನ್ನಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು.

ಒಮ್ಮೆ ಗಂಗಿ ಮಜ್ಜಿಗೆ ತಂದವಳು ಬಾಗಿಲಲ್ಲೇ ನಿಂತು ಒಳಗೆ ಇಣುಕಿದಳು.

"ಚೌಡೀ, ಮನೆ ಹೆಂಗೈತೆ?"

"ಐತೆ."

"ಲೇ, ನನಗೂ ಹೇಳಬಾರದೇನೆ? ಕಿವಿಯಾಗೆ ಹೇಳು."

ನನ್ನ ಬಾಯಿಗೆ ಬಂದಿತ್ತು. ಈ ಮನೆ ನನಗೆ ಬೇಡ, ನಿನ್ನ ಕಂಬಳಿ ಬೇಕು ಎಂದು. ಮಗ್ಗದ ಕಡೆ ನೋಡಿದೆ. ಅಪ್ಪ ಬೆನ್ನು ಬಗ್ಗಿಸಿಕೊಂಡು ಎಳೆಗಳ ಮೇಲೆ ಕೈಯಾಡಿಸುತ್ತಿದ್ದ. ನನ್ನ ಮಾತಿನಿಂದ ಎಳೆ ಹರಿದರೆ ಅವನು ಮತ್ತೆ ಬೀದಿಯಲ್ಲಿ ಮಲಗಬೇಕು. "ಐತೆ ಕಣೇ," ಎಂದು ಮಜ್ಜಿಗೆ ಈಸಿಕೊಂಡೆ. ಗಂಗಿ ಸಿಟ್ಟು ಮಾಡಿಕೊಂಡು ಹೋದಳು.

ಕೆಲಸವಿಲ್ಲದಾಗ ಬೆಳಗ್ಗೆ ಬಾಗಿಲ ಮುಂದೆ ಗುಡಿಸಿ, ನೀರು ಹಾಕಿ, ರಂಗೋಲಿ ಇಡುತ್ತಿದ್ದೆ. ದಿನದಿನಕ್ಕೆ ದೊಡ್ಡದಾಗುತ್ತಿತ್ತು. ನೋಡುವವರಿರಲಿಲ್ಲ, ಆದರೂ ಹೊರಗೆ ಇರಲು ಅದೊಂದು ನೆಪ. ಅಪ್ಪ ಒಂದು ಸಂಜೆ ಮಣ್ಣು ಕಲಸಿ ಬಾಗಿಲ ಪಕ್ಕ ಒಂದು ಪುಟ್ಟ ಕಟ್ಟೆ ಕಟ್ಟಿದ. ನಾನೊಬ್ಬಳು ಕೂರುವಷ್ಟು. ಕಟ್ಟಿ ಅದರ ಮೇಲೆ ಅಂಗೈಯಾಡಿಸಿ ನುಣುಪು ಮಾಡುತ್ತಲೇ ಇದ್ದ. ಅದನ್ನು ನೋಡಿ, ಅಪ್ಪನಿಗೆ ಈ ಮನೆ ಹಿಡಿಸಿಬಿಟ್ಟಿದೆ, ಇಲ್ಲೇ ಉಳಿಯುವ ಮನಸ್ಸು ಮಾಡಿದ್ದಾನೆ ಅಂದುಕೊಂಡೆ.

ರೋಹಿಣಿ ಮಳೆಯ ಹೊತ್ತಿಗೆ ಹಾಸು ಮುಗಿಯಿತು. ಎಳೆ ಹರಿಯಲೇ ಇಲ್ಲ ಅಂದರೆ ಸುಳ್ಳಾದೀತು. ಆದರೆ ಹಳೆಯ ಮನೆಯಲ್ಲಿ ಒಂದು ದಿನಕ್ಕೆ ಹರಿಯುವಷ್ಟು ಇಲ್ಲಿ ಇಡೀ ಬೇಸಿಗೆಗೆ ಹರಿದಿರಲಿಲ್ಲ. ಕೊನೆಯ ಸೀರೆ ಕತ್ತರಿಸುವ ದಿನ ದೊಡ್ಡಪ್ಪ, ದೊಡ್ಡವ್ವ, ಗಂಗಿ ಬಂದರು. ಇಮಾಮ್ ಸಾಬರು ಎಲೆ ಅಡಿಕೆ ಹಿಡಿದುಕೊಂಡು ಬಂದರು. ಅಪ್ಪ ಸೀರೆ ಕತ್ತರಿಸಿ ಮಡಚಿ ದೇವರ ಮುಂದಿಟ್ಟ. ಮಗ್ಗ ಬರಿದಾಯಿತು. ಎಲ್ಲರೂ ನನ್ನ ಕಡೆ ತಿರುಗಿದರು.

ದೊಡ್ಡವ್ವ ನನ್ನನ್ನು ತೊಡೆಯ ಮೇಲೆ ಎಳೆದುಕೊಂಡು ಕೇಳಿದಳು. "ಈಗ ಬಾಯಿಬಿಟ್ಟು ಹೇಳು ತಲ್ಲೀ. ಯಾರಿಗೂ ಅಂಜಬ್ಯಾಡ. ಮನೆ ಹೆಂಗೈತೆ?"

ಅವಳ ಸೀರೆಗೆ ಹೊಗೆಯ, ಹುಣಸೆ ಚಿಗುರಿನ ವಾಸನೆ ಇತ್ತು. ಒಲ್ಲೆ ಅಂದಿದ್ದರೆ ಆ ರಾತ್ರಿಯೇ ಅವಳ ಹಿಂದೆ ಹೋಗಬಹುದಿತ್ತು. ಅಪ್ಪನನ್ನು ನೋಡಿದೆ. ಅವನು ಗೋಡೆಗೆ ಕೈ ಊರಿ ನಿಂತು ನನ್ನನ್ನೇ ನೋಡುತ್ತಿದ್ದ. ಮುಖದಲ್ಲಿ ಏನೋ ಆಸೆ ಇತ್ತು. ಮನೆಯ ಆಸೆ ಎಂದುಕೊಂಡೆ.

"ಚೆನ್ನಾಗೈತೆ ದೊಡ್ಡವ್ವ. ಅಪ್ಪ ತಗಳ್ಳಿ," ಅಂದೆ.

"ಶಭಾಷ್ ಬೇಟಿ!" ಎಂದು ಸಾಬರು ನನ್ನ ತಲೆ ಸವರಿದರು. ಅಪ್ಪ ಗೋಡೆಗೆ ಊರಿದ್ದ ಕೈ ತೆಗೆದು, "ಆತು ಬಿಡು," ಎಂದು ಎಲೆ ಅಡಿಕೆ ತೆಗೆದುಕೊಂಡ. ದೊಡ್ಡವ್ವ ಕಣ್ಣೊರೆಸಿಕೊಂಡಳು. ಗಂಗಿ ಮಾತ್ರ ನನ್ನತ್ತ ತಿರುಗಿಯೂ ನೋಡಲಿಲ್ಲ.

ಮದುವೆಯಾಗಿ ಚಳ್ಳಕೆರೆಗೆ ಬರುವ ತನಕ ಆ ಮನೆಯಲ್ಲಿ ಬೆಳೆದೆ. ಮಾಡು ಸೋರಲಿಲ್ಲ, ಗೋಡೆ ಬಿರಿಯಲಿಲ್ಲ, ಬಾವಿ ಬತ್ತಲಿಲ್ಲ. ದೂರು ಹೇಳಲು ಒಂದು ಕಾರಣವನ್ನೂ ಕೊಡದ ಮನೆ ಅದು. ಮಗ್ಗದ ಮೇಲೆ ಒಂದು ಹಾಸು ಮುಗಿಯುತ್ತಲೇ ಇನ್ನೊಂದು ಏರುತ್ತಿತ್ತು, ಹಾಗಾಗಿ ಮನೆಯ ಮಾತು ನಾವಿಬ್ಬರೂ ಎತ್ತಲೇ ಇಲ್ಲ. ಮನೆಯ ಮಾತು ಎತ್ತದೆ ಇದ್ದು ಇದ್ದು ಬೇರೆ ಮಾತೂ ಕಡಿಮೆಯಾಯಿತು. ಅಪ್ಪ ಹುಟ್ಟು ಮೌನಿ ಎಂದೇ ನಾನು ತಿಳಿದಿದ್ದೆ. ನನ್ನ ಗಂಡನಿಗೂ ಹಾಗೇ ಹೇಳಿದ್ದೆ.

ಎಷ್ಟೋ ವರ್ಷ ಕಳೆದು ಕಣ್ಣು ಮಂಜಾಗಿ ಎಳೆ ಕಾಣದಂತಾದಾಗ ಅಪ್ಪ ಮಗ್ಗ ಬಿಚ್ಚಿ, ಮನೆ ಮಾರಿ ನಮ್ಮ ಜೊತೆ ಇರಲು ಬಂದ. ನಮ್ಮದು ಸಂತೆಗೆ ಹೋಗುವ ದಾರಿಯ ಮನೆ, ಮುಂದೆ ಬಟ್ಟೆಯ ಅಂಗಡಿ, ಅಗಲವಾದ ಜಗಲಿ. ಬಂದ ವಾರದೊಳಗೆ ಅಪ್ಪ ಆ ಜಗಲಿಯ ಯಜಮಾನನಾದ. ಕಂಬಳಿ ಮಾರುವವರು, ಎಣ್ಣೆಯವರು, ಕುರಿಯವರು ಯಾರು ಹೋದರೂ ಕರೆಯುವುದು, ಊರು ಕೇಳುವುದು, ಅವರ ತಾತನ ಕತೆ ತೆಗೆಯುವುದು, ಕೈತಟ್ಟಿ ನಗುವುದು. ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತ ಇದ್ಯಾರು ಎಂದು ಬೆರಗಾಗುತ್ತಿದ್ದೆ. ನನ್ನ ಗಂಡ, "ನಿಮ್ಮಪ್ಪ ಮಾತೇ ಆಡಲ್ಲ ಅಂದಿದ್ದೆ? ಅಂಗಡಿಗೆ ಬಂದವರೆಲ್ಲ ಜಗಲಿಯಾಗೇ ಉಳೀತಾರೆ," ಎಂದು ನಗುತ್ತಿದ್ದ.

ಒಂದು ಸಂಜೆ ಸಂತೆ ಕರಗಿದ ಮೇಲೆ ಅವನ ಪಕ್ಕ ಕೂತಿದ್ದೆ. ದಾರಿ ನೋಡುತ್ತಲೇ ಅಪ್ಪ ಅಂದ:

"ಚೌಡವ್ವ, ಈಗ ಮಗ್ಗ ಇಲ್ಲ, ಹೇಳಿದ್ರೆ ತಪ್ಪಿಲ್ಲ. ಸಾಬರ ಮನೆ ನಂಗೆ ಒಂದು ದಿನಾನೂ ಹಿಡಿಸಿರಲಿಲ್ಲ ಕಣವ್ವ. ಉಸಿರು ಕಟ್ಟತಿತ್ತು."

"ಮತ್ಯಾಕಪ್ಪ ತಗೊಂಡೆ?"

"ನೀನು ದಿನಾ ಎದ್ದು ಅಷ್ಟು ದೊಡ್ಡ ರಂಗೋಲಿ ಇಡ್ತಿದ್ದೆ. ತಾಯಿಲ್ಲದ ಕೂಸು, ಇದೊಂದು ಮನೆ ಅಂತ ಮಾಡ್ಕೊಂಡೈತೆ, ಬ್ಯಾಡ ಅಂತ ಹೆಂಗೆ ಅನ್ಲಿ? ಆವತ್ತು ನೀನು ಒಲ್ಲೆ ಅಂತೀಯೇನೋ ಅಂತ ನಿನ್ನ ಬಾಯೇ ನೋಡ್ತಿದ್ದೆ."

"ನಂಗೂ ಹಿಡಿಸಿರಲಿಲ್ಲ ಅಪ್ಪ. ನೀನು ಕಟ್ಟೆ ಕಟ್ಟಿದೆಯಲ್ಲ, ಅದಕ್ಕೆ ಹೂಂ ಅಂದೆ," ಅಂದೆ. ಅಪ್ಪ ನನ್ನ ಕಡೆ ತಿರುಗಿದ. ನಗುತ್ತಾನೆ ಅಂದುಕೊಂಡೆ. ನಗಲಿಲ್ಲ. ನನ್ನ ಕೈ ಹುಡುಕಿ ಹಿಡಿದುಕೊಂಡು ಕತ್ತಲಾಗುವ ತನಕ ಕೂತಿದ್ದ.

ಮುಂದಿನ ವರ್ಷದ ಯುಗಾದಿಗೆ ಅವನಿರಲಿಲ್ಲ. ದೊಡ್ಡವ್ವ, ಗಂಗಿ ಎಲ್ಲ ಅವನ ಹಿಂದೆಮುಂದೆ ಹೋದರು. ಹಾಸು ನೇಯ್ದು ಮನೆ ನೋಡುವುದನ್ನು ಈಗ ಮೊಳಕಾಲ್ಮೂರಿನಲ್ಲಿ ಹೇಳಿದರೆ ಹುಡುಗರು ನಗುತ್ತಾರೆ. ನಗಲಿ, ಆ ಕಟ್ಟಳೆ ಹೋದದ್ದಕ್ಕೆ ನನಗೆ ಎಳ್ಳಷ್ಟೂ ದುಃಖವಿಲ್ಲ. ನಾವು ಬಾಯಿಬಿಟ್ಟಿದ್ದರೂ ಬೇರೆ ಮನೆ ಸಿಗುತ್ತಿತ್ತೋ ಇಲ್ಲವೋ. ಅದೇ ಮನೆಯಲ್ಲೇ ಇರಬೇಕಾಗುತ್ತಿತ್ತೇನೋ. ಆದರೆ ಇಬ್ಬರೂ ಕೂಡಿ ಅದನ್ನು ಬೈದುಕೊಂಡು ಇರಬಹುದಿತ್ತು. ಚಳ್ಳಕೆರೆಯ ಜಗಲಿಯಲ್ಲಿ ಕೈತಟ್ಟಿ ನಗುತ್ತಿದ್ದ ಆ ಮನುಷ್ಯನೇ ಸಾಬರ ಮನೆಯಲ್ಲಿ ದಿನವಿಡೀ ನನ್ನಿಂದ ಒಂದು ಮೊಳ ದೂರದಲ್ಲಿ ಕೂತಿದ್ದ, ಮಾತಿಗಾಗಿ ನಾನು ಎಡಗೈಯ ಜೊತೆ ಆಡುತ್ತಿದ್ದೆ. ಸಂತೆಗೆ ಹೋಗುವವರಿಗೆಲ್ಲ ಸಿಕ್ಕ ಆ ಅಪ್ಪ, ನನ್ನ ಬಾಲ್ಯದಲ್ಲಿ ನನಗೆ ಸಿಗಲಿಲ್ಲ.