ಐವಿಂದನ ಬಿಸಿಲು
ವರ್ಷಕ್ಕೆ ಎರಡು ತಿಂಗಳು ಸೂರ್ಯನೇ ಹುಟ್ಟದ ನಮ್ಮ ಟ್ರೊಮ್ಸೊ ಊರಲ್ಲಿ ಚಳಿಗಾಲವಿಡೀ ಎಲ್ಲರೂ ಮೂಗು ಹಿಡಿದುಕೊಂಡು ಒಂದು ಚಮಚ ಮೀನೆಣ್ಣೆ ಕುಡಿದರೆ, ಬಸ್ ಓಡಿಸುವ ನಮ್ಮ ಭಾವ ಐವಿಂದ್ ಸೀಸೆಯನ್ನೇ ಎತ್ತುತ್ತಾನೆ. “ಮೂಳೆಗೆ ಒಳ್ಳೇದು ಕಣ್ರೋ” ಅನ್ನುತ್ತಾನೆ. “ಹೌದು ಭಾವ, ಊರ ಬೆಕ್ಕೆಲ್ಲ ನಿನ್ನ ಬಸ್ಸನ್ನೇ ಕಾಯ್ತಿವೆ” ಅಂತ ನಾನು. ಮೂಳೆಯ ಮಾತು ನಮ್ಮೆದುರಿಗೆ. ಅವನಿಗೂ ಅಕ್ಕ ಟೂನೆಗೂ ಬೇಕಾದದ್ದು ಮಗು. ವೀರ್ಯ ದುರ್ಬಲವಾಗಿದೆ, ಬಿಸಿಲು, ಮೀನೆಣ್ಣೆಯಿಂದ ಸಿಗುವ ವಿಟಮಿನ್ ಡಿಯ ಕೊರತೆಯಿಂದ ಇದ್ದರೂ ಇರಬಹುದು ಅಂದಿದ್ದರು ಡಾಕ್ಟರು. ಆ ‘ಇರಬಹುದು’ ಒಂದನ್ನೇ ಹಿಡಿದುಕೊಂಡು ಅವನು ಕತ್ತಲ ತಿಂಗಳುಗಳನ್ನು ದಾಟಿದ. ಸೂರ್ಯ ಮರಳಿದ ದಿನ ಊರೆಲ್ಲ ವಾಡಿಕೆಯಂತೆ ಗುಡ್ಡ ಹತ್ತಿ ಸಿಹಿ ಬನ್ನು ತಿನ್ನುತ್ತಿದ್ದರೆ, ಇವನು ಕೊರೆಯುವ ಚಳಿಯಲ್ಲಿ ಅಂಗಿ ಬಿಚ್ಚಿ, ಕಣ್ಣು ಮುಚ್ಚಿ, ಎದೆಯೊಡ್ಡಿ ನಿಂತ. ನಾವು ಬಿದ್ದು ಬಿದ್ದು ನಕ್ಕೆವು. ಅಷ್ಟರಲ್ಲಿ ಅಕ್ಕ ಫೋನು ಚಾಚಿದಳು: “ಆಸ್ಪತ್ರೆಯವರು. ಮರುಪರೀಕ್ಷೆಯ ರಿಪೋರ್ಟ್ ಬಂದಿದೆಯಂತೆ.” ಐವಿಂದ್ ಕಣ್ಣು ಬಿಡಲಿಲ್ಲ. “ಸ್ವಲ್ಪ ತಾಳೇ,” ಅಂದ, “ಇನ್ನೂ ಬಿಸಿಲಿದೆ.”