ದಿವ್ಯಶ್ರೀಗೆ ಮಾತ್ರ ಈಗ ಟೀ ಇಲ್ಲ

ಬೆಳಗಿನ ಆರೂವರೆ. ಪಾಲಿಬೆಟ್ಟ ಸಮೀಪದ ಕಾಫಿ ಎಸ್ಟೇಟೊಂದರ ಕಣದ ಮೂಲೆಯಲ್ಲಿ ಮುತ್ತಮ್ಮನ ಒಲೆ ಉರಿಯುತ್ತಿದೆ. ದೊಡ್ಡ ಪಾತ್ರೆಯಲ್ಲಿ ಹಾಲಿಲ್ಲದ ಕಡಕ್ ಚಹಾ. ಕಾಫಿ ಹಣ್ಣಿನ ಪಿಕಿಂಗ್‌ಗೆ ಹೊರಟ ಎಂಬತ್ತು ಮಂದಿ ಲೋಟ ಹಿಡಿದು ಸುತ್ತ ನಿಂತಿದ್ದಾರೆ. ಚಳಿಗೆ ಎಲ್ಲರ ಹಲ್ಲೂ ಕಟಕಟ ಅನ್ನುತ್ತಿದೆ, ನನ್ನದಂತೂ ಕೇಳಲೇಬೇಡಿ.

ಎಲ್ಲರ ಲೋಟಕ್ಕೂ ಬಗ್ಗುವ ಸೌಟು ದಿವ್ಯಶ್ರೀ ಲೋಟ ಚಾಚಿದಾಗ ನಿಂತುಬಿಡುತ್ತದೆ. ಆಕೆ ಏಳು ತಿಂಗಳ ಬಸುರಿ, ಕಣದಲ್ಲಿ ಕಾಫಿ ಹರವುವ ಹಗುರ ಕೆಲಸದವಳು.

"ಒಂದೇ ಒಂದ್ ಗುಟುಕು ಹಾಕು ಮುತ್ತಕ್ಕ, ಕೈಕಾಲು ಮರಗಟ್ಟೋಗೈತೆ."

"ಮಾತ್ರೆ ತಗೊಂಡ್ಯಲ್ಲ? ಬಿಸಿನೀರು ಕುಡಿ."

"ಕಲ್ಲು ಮನಸ್ಸು ಕಣಕ್ಕ ನಿಂದು!"

ಮುತ್ತಮ್ಮ ತಲೆ ಕೆಡಿಸಿಕೊಳ್ಳುವುದಿಲ್ಲ. ನಿಂಬೆರಸ ಹಿಂಡಿದ ಬಿಸಿನೀರನ್ನು ಅವಳ ಕೈಗಿಟ್ಟು ಮುಂದಿನವರ ಲೋಟ ತುಂಬುತ್ತಾರೆ.

ಮುತ್ತಮ್ಮ ಕುಶಾಲನಗರದ ಕಡೆಯ ಹಳ್ಳಿಯಿಂದ ಮದುವೆಯಾಗಿ ಇಲ್ಲಿಗೆ ಬಂದವರು. ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಸೊಂಟಕ್ಕೆ ಪೆಟ್ಟಾದ ಮೇಲೆ ಆಳುಗಳಿಗೆ ಕೆಲಸ ಹಂಚುವ ರೈಟರು ಇವರನ್ನು ಒಲೆಯ ಕೆಲಸಕ್ಕೆ ಹಾಕಿದರು. "ಕೂತ್ರೆ ಏಳಕ್ಕಾಗಲ್ಲ, ಎದ್ರೆ ಕೂರಕ್ಕಾಗಲ್ಲ. ಆದ್ರೆ ಟೀ ಚೆನ್ನಾಗಿಲ್ಲ ಅಂತ ಯಾರೂ ಅಂದಿಲ್ಲ ಸಾರ್" ಎನ್ನುತ್ತಾರೆ.

ಅಂಥ ಚಹಾದಿಂದಲೇ ಎಡವಟ್ಟಾಗಿತ್ತು. ಕಬ್ಬಿಣಾಂಶದ ಮಾತ್ರೆಯನ್ನು ಬೆಳಗಿನ ಚಹಾದ ಜೊತೆಗೇ ನುಂಗುವುದು ಕಾರ್ಮಿಕರ ಸಾಲುಮನೆಗಳಾದ ಲೈನ್‌ಮನೆಯ ಹೆಂಗಸರ ರೂಢಿ. ಬಾಯಿಗೆ ತುಕ್ಕಿನ ರುಚಿ ಹತ್ತುವುದಿಲ್ಲವಂತೆ. ನುಂಗಲೂ ಆಗದ ದಿವ್ಯಶ್ರೀ ಮಾತ್ರೆಯನ್ನು ಪುಡಿ ಮಾಡಿ ಚಹಾಕ್ಕೇ ಕದಡುತ್ತಿದ್ದಳು. ಎಷ್ಟು ಮಾತ್ರೆ ತಿಂದರೂ ಅವಳ ರಕ್ತದ ಅಂಶ, ಅಂದರೆ ಹಿಮೋಗ್ಲೋಬಿನ್, ಎಂಟು ದಾಟಲಿಲ್ಲ. ಹೀಗೇ ಇದ್ದರೆ ಹೆರಿಗೆಯಲ್ಲಿ ತಾಯಿ ಮಗು ಇಬ್ಬರಿಗೂ ಅಪಾಯ ಎಂದರು ವೈದ್ಯರು.

ಒಂದು ದಿನ ದಿವ್ಯಶ್ರೀ ಕುಡಿಯದೆ ಬಿಟ್ಟ ಲೋಟ ತೊಳೆಯಲು ಎತ್ತಿಕೊಂಡ ಮುತ್ತಮ್ಮ ಬೆಚ್ಚಿಬಿದ್ದರು. ಚಹಾ ಶಾಯಿಯಂತೆ ಕಪ್ಪಾಗಿತ್ತು. "ನನ್ನ ಪಾತ್ರೆನೇ ವಿಷ ಬಿಡ್ತಾ ಐತೇನೋ, ಆ ಮಗೀಗೆ ನಾನೇ ಕುಡಿಸ್ಬಿಟ್ನೇನೋ ಅಂತ ಎದೆ ಧಸಕ್ಕಂತು." ಅದೇ ಲೋಟ ಹಿಡಿದು ನರ್ಸ್ ಆಶಾರಾಣಿಯವರ ಬಳಿ ಓಡಿದರು.

ಪಾತ್ರೆಯದೇನೂ ತಪ್ಪಿರಲಿಲ್ಲ. "ಚಹಾ ಎಲೆಯಲ್ಲೂ ಅಷ್ಟಿಷ್ಟು ಲೋಹದ ಅಂಶ ಇರುತ್ತೆ, ಅದಕ್ಕೆ ಹೆದರಬೇಕಾಗಿಲ್ಲ. ಆದ್ರೆ ಕಡಕ್ ಚಹಾದ ಒಗರು ಮಾತ್ರೆಯ ಕಬ್ಬಿಣವನ್ನ ಹಿಡ್ಕೊಂಡುಬಿಡುತ್ತೆ, ರಕ್ತಕ್ಕೆ ಸೇರೋಕೆ ಬಿಡಲ್ಲ. ಲೋಟದಲ್ಲಿ ಕಪ್ಪಾಗಿದ್ದು ಅದೇ" ಎನ್ನುತ್ತಾರೆ ಆಶಾರಾಣಿ. ಮಾತ್ರೆಗೂ ಚಹಾಕ್ಕೂ ಎರಡು ಗಂಟೆ ಅಂತರ ಬೇಕು ಎಂಬುದು ಅವರ ಸಲಹೆ.

ಅಂದಿನಿಂದ ಮಾತ್ರೆ ನುಂಗಿದವರಿಗೆ ಚಹಾ ಹೊತ್ತೇರಿದ ಮೇಲೆಯೇ. ಅದಕ್ಕೆಂದೇ ಮುತ್ತಮ್ಮ ಸೊಂಟ ಹಿಡಿದುಕೊಂಡು ಮತ್ತೊಮ್ಮೆ ಒಲೆ ಹಚ್ಚುತ್ತಾರೆ. ಯಾರೂ ಹೇಳಿದ ಕೆಲಸವಲ್ಲ ಅದು. ನನಗಂತೂ ಈ ಹೆಂಗಸಿನ ಮೇಲೆ ಪ್ರೀತಿ ಉಕ್ಕುತ್ತದೆ.

ಕಳೆದ ವಾರದ ಪರೀಕ್ಷೆಯಲ್ಲಿ ದಿವ್ಯಶ್ರೀಯ ರಕ್ತದ ಅಂಶ ಹತ್ತು ದಾಟಿದೆ. ಬೈಗುಳ ಮಾತ್ರ ನಿಂತಿಲ್ಲ. ನಾನು ಹೊರಡುವಾಗಲೂ ಕಣದ ಆ ತುದಿಯಿಂದ ಕೂಗಾಡುತ್ತಿದ್ದಾಳೆ.

"ಬೇಜಾರಾಗಲ್ವಾ ಮುತ್ತಮ್ಮ?"

"ಬೈಲಿ ಬಿಡಿ ಸಾರ್. ಎರಡು ತಿಂಗಳ ಹಿಂದೆ ನಾಲ್ಕು ಹೆಜ್ಜೆ ಇಟ್ರೆ ಏದುಸಿರು ಬಿಡೋಳು, ಮಾತೇ ಹೊರಡ್ತಿರಲಿಲ್ಲ. ಈಗ ನೋಡಿ, ಅಲ್ಲಿಂದ ಬೈದ್ರೆ ಇಲ್ಲೀಗಂಟ ಕೇಳ್ಸುತ್ತೆ."